ಕಿರುಲೇತಿನ ಆರೈಕೆ

ಕುಂಬಾರನ ತಿಗರಿಯ ಮೇಲೆ ಮಣ್ಣು ತಿರುಗುತ್ತದೆ. ಅದಕ್ಕೆ ರೂಪ ಕೊಡುವ ಕೈ ಸ್ಥಿರವಾಗಿರುತ್ತದೆ. ಚನ್ನಪಟ್ಟಣದ ಬೊಂಬೆ ಕೆಲಸಗಾರನ ಮುಂದೆ ಮರದ ತುಂಡು ತಿರುಗುತ್ತದೆ. ಅವನ ಕೈಯ ಉಳಿ ಅದನ್ನು ದುಂಡಗೆ ಕಡೆಯುತ್ತದೆ. ಕಬ್ಬಿಣ, ಹಿತ್ತಾಳೆ ಮೊದಲಾದ ಲೋಹಗಳನ್ನು ಇದೇ ತತ್ತ್ವದಿಂದ ಕಡೆಯುವ ಯಂತ್ರಕ್ಕೆ ಲೇತು ಎಂದು ಹೆಸರು. ಆದರೆ ಲೋಹವು ಮರದಷ್ಟು ಮೃದುವಲ್ಲ. ಕೈಯಲ್ಲಿ ಹಿಡಿದ ಉಳಿ ಅದರ ಮೇಲೆ ಒಂದೇ ಸಮನಾಗಿ ನಿಲ್ಲಲಾರದು. ಈ ತೊಡಕಿಗೆ ಪರಿಹಾರ ಕಂಡವರಲ್ಲಿ ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ (1771–1831) ಪ್ರಮುಖನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅವನು ರಚಿಸಿದ ಲೇತಿನಲ್ಲಿ ಉಳಿಯನ್ನು ನೇರವಾದ ಹಳಿಗಳ ಮೇಲೆ ಜಾರುವ ಪೀಠಕ್ಕೆ ಬಿಗಿದನು; ಆ ಪೀಠವು ನಿಖರವಾದ ತಿರುಪಿನಿಂದ ಚಲಿಸುವಂತೆ ಮಾಡಿದನು. ಹೀಗೆ ಕೆಲಸದ ನಿಖರತೆಯು ಕುಶಲಕರ್ಮಿಯ ಕೈಯನ್ನು ಮಾತ್ರವಲ್ಲದೆ, ಯಂತ್ರದ ಹಳಿಯನ್ನೂ ತಿರುಪನ್ನೂ ಅವಲಂಬಿಸಿತು.

ಒಂದು ಲೇತಿನಿಂದ ಇನ್ನೊಂದು ಲೇತಿನ ದಂಡ, ತಿರುಪು, ಗಾಲಿಗಳು ಹುಟ್ಟುತ್ತವೆ. ಆದುದರಿಂದ ಇದನ್ನು ಯಂತ್ರಗಳ ತಾಯಿ ಎಂದು ಕರೆಯುವುದುಂಟು. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯೂ ತನ್ನ ಯಂತ್ರ ತಯಾರಿಕೆಯನ್ನು ಲೇತಿನಿಂದಲೇ ಆರಂಭಿಸಿತು. ಅಚ್ಚಿನ ದೋಷ ಎರಕಕ್ಕೆ ಇಳಿಯುವಂತೆ, ಲೇತಿನ ದೋಷ ಅದರಲ್ಲಿ ಕಡೆದ ವಸ್ತುವಿಗೆ ಇಳಿಯುತ್ತದೆ. ಲೇತಿನ ಆರೈಕೆಗೆ ಇಷ್ಟು ಮಹತ್ತ್ವ ಬಂದಿರುವುದು ಈ ಕಾರಣದಿಂದಲೇ.

ಕಾರ್ಖಾನೆಯ ಈ ಯಂತ್ರ ಕ್ರಮೇಣ ಚಿಕ್ಕ ಗಾತ್ರ ತಾಳಿ ಮನೆಗಳಿಗೂ ಬಂದಿತು. ಬಿಡುವಿನ ವೇಳೆಯಲ್ಲಿ ಪುಟ್ಟ ಉಗಿಯಂತ್ರ, ಗಡಿಯಾರ ಮೊದಲಾದವನ್ನು ರಚಿಸುವ ಹವ್ಯಾಸಿಗಳು ಇಂಗ್ಲೆಂಡಿನಲ್ಲಿ ಬಹುಮಂದಿ. ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್ನಿನಲ್ಲಿದ್ದ ಮೈಫರ್ಡ್ ಸಂಸ್ಥೆಯು 1946ರಲ್ಲಿ ಹೊರತಂದ ಎಂ.ಎಲ್.7 ಎಂಬ ಕಿರುಲೇತು ಅವರ ಮೆಚ್ಚುಗೆ ಪಡೆಯಿತು. ಬೆಂಚಿನ ಮೇಲೆ ಇರಿಸಬಹುದಾದ ಈ ಲೇತಿನ ಅಕ್ಷವು ಹಳಿಯಿಂದ ಸುಮಾರು 89 ಮಿ.ಮೀ. ಎತ್ತರದಲ್ಲಿದೆ. ಬೀಸ್ಟನ್ನಿನ ಕಾರ್ಖಾನೆ 2011ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಲೇತುಗಳು ಇಂದಿಗೂ ದುಡಿಯುತ್ತಿವೆ. ಹಡೆದ ಕಾರ್ಖಾನೆಗಿಂತ ಯಂತ್ರವೇ ಹೆಚ್ಚು ಕಾಲ ಬಾಳುವುದಕ್ಕೆ ಅವುಗಳ ಒಡೆಯರು ತೋರಿದ ಕಾಳಜಿಯೂ ಒಂದು ಮುಖ್ಯ ಕಾರಣ.

ಲೇತಿನ ತಳಹದಿಗೆ ಬೆಡ್ ಎನ್ನುತ್ತಾರೆ. ಅದರ ಮೇಲ್ಭಾಗದಲ್ಲಿ ಎರಡು ಹಳಿಗಳಿರುತ್ತವೆ. ಎಡತುದಿಯ ಹೆಡ್‌ಸ್ಟಾಕಿನಲ್ಲಿ ತಿರುಗುವ ದಂಡವೂ, ಅದರ ತುದಿಯಲ್ಲಿ ಲೋಹವನ್ನು ಕಚ್ಚಿ ಹಿಡಿಯುವ ಚಕ್ಕೂ ಇರುತ್ತವೆ. ಬಲತುದಿಯ ಟೈಲ್‌ಸ್ಟಾಕ್ ಉದ್ದನೆಯ ಸರಳಿಗೆ ಆಸರೆ ಕೊಡುತ್ತದೆ. ಇವೆರಡರ ನಡುವೆ ಉಳಿಯನ್ನು ಹೊತ್ತ ಸ್ಯಾಡಲ್ ಹಳಿಗಳ ಮೇಲೆ ಜಾರುತ್ತದೆ.

ಲೇತಿನ ಮೊದಲ ಶತ್ರು ಅದರಿಂದಲೇ ಉದುರುವ ಲೋಹದ ಚೂರು. ಬೀಡುಕಬ್ಬಿಣವನ್ನು ಕಡೆದಾಗ ಬರುವ ಸಣ್ಣ ಪುಡಿ ಎಣ್ಣೆಯೊಡನೆ ಬೆರೆತು ಹಳಿಯನ್ನು ಸಾಣೆಯಂತೆ ಸವೆಸುತ್ತದೆ. ಕೆಲಸ ಮುಗಿದೊಡನೆ ಯಂತ್ರವನ್ನು ನಿಲ್ಲಿಸಿ, ಪುಡಿಯನ್ನು ಬ್ರಷ್ಷಿನಿಂದ ಗುಡಿಸಿ, ಬಟ್ಟೆಯಿಂದ ಒರೆಸಿ, ಹಳಿಗೆ ತೆಳುವಾಗಿ ಎಣ್ಣೆ ಸವರಬೇಕು. ಒತ್ತಡದ ಗಾಳಿಯಿಂದ ಊದಿದರೆ ಪುಡಿಯು ಸಂದುಗಳೊಳಗೆ ಸೇರುತ್ತದೆ. ಬರಿಗೈಯಿಂದ ತೆಗೆಯುವುದಂತೂ ಸಲ್ಲದು. ಚೂರುಗಳ ಅಂಚು ಕತ್ತಿಯಷ್ಟು ಹರಿತವಾಗಿರುತ್ತದೆ.

ಎರಡನೆಯ ಶತ್ರು ಎಣ್ಣೆಯ ಅಭಾವ. ಎಂ.ಎಲ್.7ರ ದಂಡವು ಬಿಳಿಲೋಹವೆಂಬ ಮೃದುವಾದ ಮಿಶ್ರಲೋಹದ ಬೇರಿಂಗುಗಳಲ್ಲಿ ತಿರುಗುತ್ತದೆ. ಮೇಲಿನ ಪುಟ್ಟ ಬಟ್ಟಲುಗಳಿಂದ ಎಣ್ಣೆಯು ತೊಟ್ಟುತೊಟ್ಟಾಗಿ ಇಳಿದು ದಂಡಕ್ಕೂ ಬೇರಿಂಗಿಗೂ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಆ ಪದರವಿರುವವರೆಗೆ ಲೋಹವು ಲೋಹವನ್ನು ಉಜ್ಜುವುದಿಲ್ಲ. ಅದು ಇಲ್ಲವಾದರೆ ಬೇರಿಂಗ್ ಬಿಸಿಯಾಗಿ ಕೆಡುತ್ತದೆ.

ಯಂತ್ರದ ರಕ್ಷಣೆಯೊಡನೆ ಕೆಲಸ ಮಾಡುವವರು ತಮ್ಮ ರಕ್ಷಣೆಯನ್ನೂ ಮರೆಯಬಾರದು. ಸಡಿಲವಾದ ತೋಳು, ಉಂಗುರ, ಕೈಗವಸು, ಇಳಿಬಿದ್ದ ಕೂದಲು ತಿರುಗುವ ಚಕ್ಕಿಗೆ ಸಿಕ್ಕಿದರೆ ಪ್ರಾಣಾಪಾಯವೂ ಒದಗಬಹುದು. ಕಣ್ಣಿಗೆ ರಕ್ಷಣೆಯ ಕನ್ನಡಕ ಅವಶ್ಯಕ. ಚಕ್ಕನ್ನು ಬಿಗಿದ ಕೀಲಿಯನ್ನು ಅದರಲ್ಲಿಯೇ ಬಿಟ್ಟು ಯಂತ್ರವನ್ನು ನಡೆಸಿದರೆ, ಆ ಕೀಲಿ ಕವಣೆಯ ಕಲ್ಲಿನಂತೆ ಚಿಮ್ಮುತ್ತದೆ.

ಯಂತ್ರ ಸರಿಯಾಗಿದೆಯೆಂದು ಭಾವಿಸಿದರೆ ಸಾಲದು, ಪರೀಕ್ಷಿಸಿ ನೋಡಬೇಕು. ಬೆಂಚು ಸಮವಾಗಿಲ್ಲದಿದ್ದರೆ, ಬೋಲ್ಟುಗಳನ್ನು ಬಿಗಿದಾಗ ಬೆಡ್ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ. ಆಗ ಕಡೆದ ಸರಳು ಒಂದು ತುದಿಯಲ್ಲಿ ದಪ್ಪವಾಗಿಯೂ ಇನ್ನೊಂದು ತುದಿಯಲ್ಲಿ ತೆಳುವಾಗಿಯೂ ಇರುತ್ತದೆ. ಇದನ್ನು ತಿಳಿಯಲು ಸುಮಾರು 150 ಮಿ.ಮೀ. ಹೊರಚಾಚುವಂತೆ ದಪ್ಪನೆಯ ಸರಳೊಂದನ್ನು ಚಕ್ಕಿನಲ್ಲಿ ಮಾತ್ರ ಹಿಡಿಸಬೇಕು. ಎರಡು ಕಡೆಗಳಲ್ಲಿ ಬಳೆಯಂತಹ ಭಾಗಗಳನ್ನು ಉಳಿಸಿ, ನಡುಭಾಗವನ್ನು ತಗ್ಗಿಸಬೇಕು. ಬಳಿಕ ಉಳಿಯನ್ನು ಹಿಂದೆಮುಂದೆ ಸರಿಸದೆ ಎರಡೂ ಬಳೆಗಳನ್ನು ತೆಳುವಾಗಿ ಕಡೆದು, ಮೈಕ್ರೋಮೀಟರಿನಿಂದ ಅಳೆಯಬೇಕು. ವ್ಯಾಸಗಳು ಬೇರೆಯಾದರೆ ಟೈಲ್‌ಸ್ಟಾಕಿನ ಕಡೆಯ ಪಾದದಲ್ಲಿ ಮುಂದಿನ ಅಥವಾ ಹಿಂದಿನ ಬೋಲ್ಟಿನ ಕೆಳಗೆ ತೆಳುವಾದ ತಗಡನ್ನಿರಿಸಿ, ಮತ್ತೆ ಕಡೆದು, ಮತ್ತೆ ಅಳೆಯಬೇಕು.

ಇಷ್ಟಾದ ಮೇಲೆ ಸುಧಾರಣೆಯ ಮಾತು. ಉಳಿಯ ತುದಿ ಲೇತಿನ ಅಕ್ಷದ ಮಟ್ಟದಲ್ಲಿರಬೇಕು. ಹಳೆಯ ಬಗೆಯ ಹಿಡಿಕೆಯಲ್ಲಿ ಇದಕ್ಕಾಗಿ ಉಳಿಯ ಅಡಿಯಲ್ಲಿ ತಗಡಿನ ತುಂಡುಗಳನ್ನು ಇರಿಸಬೇಕಾಗುತ್ತದೆ. ಹೊಸ ಬಗೆಯ ಹಿಡಿಕೆಯಲ್ಲಿ ಒಂದು ತಿರುಪಿನಿಂದ ಎತ್ತರವನ್ನು ನಿಗದಿಮಾಡಿದರೆ ಸಾಕು. ವಿದ್ಯುನ್ಮಾನ ಸಾಧನದಿಂದ ಮೋಟಾರಿನ ವೇಗವನ್ನು ಬೇಕಾದಂತೆ ಏರಿಳಿಸುವುದೂ ಈಗ ಸಾಧ್ಯ. ಆದರೆ ಎಂ.ಎಲ್.7ರ ಮೂಲ ವಿನ್ಯಾಸದಲ್ಲಿ ಗರಿಷ್ಠ ವೇಗ ನಿಮಿಷಕ್ಕೆ ಸುಮಾರು 640 ಸುತ್ತು. ಬೇರಿಂಗಿನ ಸಾಮರ್ಥ್ಯವನ್ನರಿಯದೆ ಅದನ್ನು ಮೀರಿದರೆ, ಸುಧಾರಣೆಯೇ ಹಾನಿಗೆ ದಾರಿಯಾಗುತ್ತದೆ.

ನಿಜವಾದ ಸುಧಾರಣೆಗೆ ಇದೇ ಲೇತಿನಲ್ಲಿ ಒಂದು ಉತ್ತಮ ನಿದರ್ಶನವಿದೆ. ಮೊದಲಿನ ಎಂ.ಎಲ್.7ರಲ್ಲಿ ಸ್ಯಾಡಲ್ ಮುಂದಿನ ಹಳಿಯ ಎರಡು ಪಕ್ಕಗಳನ್ನು ಆಧರಿಸಿ ಚಲಿಸುತ್ತಿತ್ತು. ಹೆಚ್ಚಿನ ಕೆಲಸ ಚಕ್ಕಿನ ಸಮೀಪ ನಡೆಯುವುದರಿಂದ ಹಳಿಯು ಅಲ್ಲಿಯೇ ಹೆಚ್ಚು ಸವೆಯುತ್ತಿತ್ತು. ಅಲ್ಲಿ ಸಡಿಲವಾದ ಸ್ಯಾಡಲನ್ನು ಬಿಗಿಗೊಳಿಸಿದರೆ, ಸವೆಯದ ಬಲಭಾಗದಲ್ಲಿ ಅದು ಸಿಕ್ಕಿಕೊಳ್ಳುತ್ತಿತ್ತು. ಇಂತಹ ಲೇತನ್ನು ಮೂಲೆಗೆ ತಳ್ಳುವ ಬದಲು ಕೆಲವರು ಸೂಕ್ಷ್ಮವಾಗಿ ಪರಿಶೀಲಿಸಿದರು. ಹಿಂದಿನ ಹಳಿಯ ಹೊರಪಕ್ಕ ಮಾರ್ಗದರ್ಶಕವಾಗಿ ಬಳಕೆಯಾಗದೆ ಹೊಸದರಂತೆಯೇ ಉಳಿದಿತ್ತು. ಸ್ಯಾಡಲಿಗೆ ಲೋಹದ ಪಟ್ಟಿಯೊಂದನ್ನು ಜೋಡಿಸಿ, ಅದು ಆ ಪಕ್ಕಕ್ಕೆ ಒರಗಿ ಜಾರುವಂತೆ ಮಾಡಿದರು. ಹಳೆಯ ಲೇತು ಮತ್ತೆ ನೇರವಾಗಿ ಕಡೆಯತೊಡಗಿತು. 1970ರ ದಶಕದಲ್ಲಿ ತಯಾರಕರೂ ಹೊಸ ಲೇತುಗಳಲ್ಲಿ ಎರಡು ಹಳಿಗಳ ಹೊರಪಕ್ಕಗಳನ್ನು ಬಳಸುವ ಕ್ರಮವನ್ನು ಅಳವಡಿಸಿದರು.

ಹಳೆಯದಾಯಿತೆಂದು ಯಂತ್ರವನ್ನು ಎಸೆಯುವುದು ಸುಲಭ; ಹೊಸ ಭಾಗಗಳನ್ನು ಕೊಂಡು ಜೋಡಿಸುವುದೂ ಕಷ್ಟವಲ್ಲ. ಅದು ಎಲ್ಲಿ ಸವೆದಿದೆ, ಏಕೆ ಸವೆದಿದೆ ಎಂಬುದನ್ನು ಅಳೆದು ತಿಳಿಯುವುದಕ್ಕೆ ತಾಳ್ಮೆ ಬೇಕು. ಆ ತಾಳ್ಮೆಯುಳ್ಳವರ ಕೈಯಲ್ಲಿ ಹಳೆಯ ಕಿರುಲೇತೂ ಹೊಸದರಂತೆ ದುಡಿಯುತ್ತದೆ.