ದ್ರವೌಷಧಗಳೂ ಸ್ಫಟಿಕಗಳ ಆಕಾರವೂ

ಔಷಧದ ಸೀಸೆಗಳ ಮೇಲೆ ‘ಸೇವಿಸುವ ಮುನ್ನ ಚೆನ್ನಾಗಿ ಕುಲುಕಿರಿ’ ಎಂಬ ಸೂಚನೆಯನ್ನು ಕಾಣದವರು ವಿರಳ. ಅಂತಹ ಸೀಸೆಗಳಲ್ಲಿ ಔಷಧವು ನೀರಿನಲ್ಲಿ ಸಕ್ಕರೆ ಕರಗಿದಂತೆ ಕರಗಿರುವುದಿಲ್ಲ; ಅದರ ಸೂಕ್ಷ್ಮ ಕಣಗಳು ದ್ರವದಲ್ಲಿ ಹರಡಿಕೊಂಡಿರುತ್ತವೆ. ಇಂತಹ ಮಿಶ್ರಣಕ್ಕೆ ನಿಲಂಬನವೆಂದು ಹೆಸರು. ಮದ್ದಿನ ಗುಣವು ಅದರ ರಾಸಾಯನಿಕ ಸ್ವರೂಪವನ್ನು ಮಾತ್ರವೇ ಅವಲಂಬಿಸಿದೆಯೆಂಬ ಭಾವನೆ ಸಹಜವಾದುದು. ಆದರೆ ನಿಲಂಬನದಲ್ಲಿ ಸ್ಫಟಿಕಗಳ ಹೊರ ಆಕಾರವೂ ಒಳರಚನೆಯೂ ಅಷ್ಟೇ ಮುಖ್ಯವಾಗುತ್ತವೆ.

ಮೊದಲು ಹೊರ ಆಕಾರವನ್ನು ಪರಿಶೀಲಿಸಬಹುದು. ದ್ರಾವಕ, ತಣಿಯುವ ವೇಗ, ಕಲ್ಮಷಗಳು ಇವುಗಳಿಗನುಸಾರವಾಗಿ ಒಂದೇ ವಸ್ತುವಿನ ಸ್ಫಟಿಕಗಳು ಒಮ್ಮೆ ಸೂಜಿಗಳಂತೆಯೂ, ಒಮ್ಮೆ ಅಭ್ರಕದ ಹಾಳೆಗಳಂತೆಯೂ, ಒಮ್ಮೆ ಕಲ್ಲುಪ್ಪಿನ ಹರಳುಗಳಂತೆಯೂ ಬೆಳೆಯಬಲ್ಲವು. ಸೂಜಿಯಾಕಾರದವು ಒಂದಕ್ಕೊಂದು ತೊಡಕಿಕೊಂಡು ದ್ರವದ ಹರಿವನ್ನು ತಡೆಯುತ್ತವೆ. ಚುಚ್ಚುಮದ್ದಾದರೆ ಸಿರಿಂಜಿನಲ್ಲಿ ಸಿಕ್ಕಿಕೊಳ್ಳುವ ಸಂಭವವುಂಟು. ಹಾಳೆಯಾಕಾರದವು ತಳದಲ್ಲಿ ಒಂದರ ಮೇಲೊಂದು ಒತ್ತಾಗಿ ಕುಳಿತು ಗಟ್ಟಿಯಾದ ಗಸಿಯಾಗಬಹುದು. ಗಾತ್ರವೂ ಗಣನೀಯವೇ. 1851ರಲ್ಲಿ ಜಾರ್ಜ್ ಸ್ಟೋಕ್ಸ್ ಪ್ರಕಟಿಸಿದ ನಿಯಮದಂತೆ, ಗೋಲಾಕಾರದ ಕಣದ ವ್ಯಾಸವು ಇಮ್ಮಡಿಯಾದರೆ ಅದು ತಳಕ್ಕಿಳಿಯುವ ವೇಗವು ನಾಲ್ಮಡಿಯಾಗುತ್ತದೆ. ಗಸಿಯು ಸರಿಯಾಗಿ ಕದಡದಿದ್ದರೆ ಮೊದಲ ಚಮಚೆಗಳಲ್ಲಿ ಮದ್ದು ಕಡಮೆಯಾಗಿ, ಕೊನೆಯವುಗಳಲ್ಲಿ ಮಿತಿಮೀರುತ್ತದೆ.

ಒಳರಚನೆಯ ಪ್ರಭಾವವು ಇನ್ನೂ ಗೂಢವಾದುದು. ವಜ್ರವೂ ಗ್ರಾಫೈಟೂ ಒಂದೇ ಇಂಗಾಲದ ಎರಡು ರೂಪಗಳಾಗಿರುವಂತೆ, ಅನೇಕ ಔಷಧಗಳ ಅಣುಗಳೂ ಸ್ಫಟಿಕದೊಳಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಜೋಡಣೆಗೊಳ್ಳುತ್ತವೆ. ಇದೇ ಬಹುರೂಪತೆ. ಕ್ಲೋರಾಂಫೆನಿಕಾಲ್ ಇದಕ್ಕೆ ಪ್ರಸಿದ್ಧ ನಿದರ್ಶನವನ್ನು ಒದಗಿಸಿದೆ. 1947ರಲ್ಲಿ ಬೆಳಕಿಗೆ ಬಂದ ಈ ಔಷಧವು ಬಹುಕಾಲ ವಿಷಮಶೀತಜ್ವರಕ್ಕೆ ಮುಖ್ಯ ಮದ್ದಾಗಿತ್ತು. ಅದು ಅತ್ಯಂತ ಕಹಿಯಾದುದರಿಂದ, ಮಕ್ಕಳಿಗೆಂದು ಅದರ ರುಚಿಯಿಲ್ಲದ ಪಾಲ್ಮಿಟೇಟ್ ಎಂಬ ಸಂಯುಕ್ತವನ್ನು ನಿಲಂಬನವಾಗಿ ಸಿದ್ಧಪಡಿಸಲಾಯಿತು. ಕರುಳಿನ ಕಿಣ್ವಗಳು ಈ ಸಂಯುಕ್ತವನ್ನು ಒಡೆದಾಗಲೇ ಮದ್ದು ಬಿಡುಗಡೆ ಹೊಂದಿ ರಕ್ತವನ್ನು ಸೇರಬೇಕು. ಪಾಲ್ಮಿಟೇಟಿನ ‘ಎ’ ಮತ್ತು ‘ಬಿ’ ರೂಪಗಳನ್ನು ಅಮೆರಿಕದ ಸಂಶೋಧಕರು 1967ರಲ್ಲಿ ಹೋಲಿಸಿ ನೋಡಿದರು. ‘ಬಿ’ಯ ಪ್ರಮಾಣ ಹೆಚ್ಚಿದಂತೆಲ್ಲ ರಕ್ತದಲ್ಲಿ ಔಷಧದ ಮಟ್ಟವೂ ಏರಿತು, ‘ಎ’ಯಿಂದ ದೊರೆತುದು ಅತ್ಯಲ್ಪ. ತೂಕವೂ ರಾಸಾಯನಿಕ ಸೂತ್ರವೂ ಒಂದೇ. ಆದರೂ ಒಂದು ರೂಪವು ಮಗುವಿನ ಜ್ವರವನ್ನು ಇಳಿಸಬಲ್ಲದು, ಇನ್ನೊಂದು ಬಹುಮಟ್ಟಿಗೆ ನಿರುಪಯುಕ್ತ.

ಇನ್ನೊಂದು ತೊಡಕೂ ಉಂಟು. ಪರಿಣಾಮಕಾರಿಯಾದ ‘ಬಿ’ ರೂಪವೇ ಕಡಮೆ ಸ್ಥಿರವಾದುದು. ಶಾಖದಿಂದಲೂ ದೀರ್ಘಕಾಲ ಅರೆಯುವುದರಿಂದಲೂ ಅದು ‘ಎ’ಯಾಗಿ ಮಾರ್ಪಡುತ್ತದೆ. ಆದುದರಿಂದಲೇ ಔಷಧಸಂಹಿತೆಗಳು ‘ಎ’ ರೂಪಕ್ಕೆ ಮಿತಿಯನ್ನು ಗೊತ್ತುಪಡಿಸಿದವು. ಅವಕೆಂಪು ಕಿರಣಗಳ ಪರೀಕ್ಷೆಯಿಂದ ಈ ಎರಡು ರೂಪಗಳನ್ನು ಬೇರ್ಪಡಿಸಿ ಗುರುತಿಸಬಹುದು.

ಸೀಸೆಯನ್ನು ಕುಲುಕಿದರೆ ತಳ ಸೇರಿದ ಕಣಗಳು ಮೇಲೇಳುತ್ತವೆ. ಮಾರ್ಪಟ್ಟ ಒಳರಚನೆಯು ಅದರಿಂದ ಹಿಂದಿನಂತಾಗದು. ಮೊದಲನೆಯದು ಮನೆಯವರ ಹೊಣೆ. ಎರಡನೆಯದನ್ನು ತಡೆಯುವುದು ತಯಾರಕರ ಕರ್ತವ್ಯ.