ತೆಳು ಟೈರು, ಒರಟು ರಸ್ತೆ

ಪಾರ್ಕಿಂಗ್ ರಿಜಿಸ್ಟರಿನಲ್ಲಿ ವಾಹನದ ಕಾಲಂನಲ್ಲಿ ‘ರೋಡ್ ಬೈಕ್’ ಎಂದು ಬರೆದಿದ್ದೆ. ಬೆಂಗಳೂರಿನ ವೈಟ್‌ಫೀಲ್ಡಿನ ಒಂದು ಕಟ್ಟಡದ ಸೆಕ್ಯೂರಿಟಿಯವರು ಪೆನ್ನನ್ನು ನನ್ನ ಕೈಗೇ ವಾಪಸ್ ಕೊಟ್ಟು, “ಗಾಡಿ ನಂಬರ್ ಬಿಟ್ಟಿದ್ದೀರ ಸಾರ್” ಎಂದರು. ನಂಬರ್ ಇಲ್ಲ ಎಂದೆ. ಕಂಬಕ್ಕೆ ಒರಗಿಸಿದ್ದನ್ನು ಬಗ್ಗಿ ನೋಡಿ, “ಸೈಕಲ್ ಅಂತ ಬರೀರಿ ಸಾರ್, ಸುಮ್ನೆ ಗಾಬರಿ ಮಾಡ್ತೀರ” ಎಂದರು. ಅವರು ಹೇಳಿದ್ದೇ ಸರಿ. ಈ ಲೇಖನದುದ್ದಕ್ಕೂ ಅದು ಸೈಕಲ್ಲೇ.

ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ದೊಡ್ಡ 700ಸಿ ಚಕ್ರ, ಹೆಬ್ಬೆರಳಿನಷ್ಟು ದಪ್ಪದ ಟೈರು, ಎಲ್ಲೂ ಸಸ್ಪೆನ್ಷನ್ ಇಲ್ಲ. ರೋಡ್ ಸೈಕಲ್ ಎಂದರೆ ಇಷ್ಟೇ. ಇದರಲ್ಲಿ ಅಗ್ಗದ್ದು ಎಂದರೆ ಸುಮಾರು 20ರಿಂದ 40 ಸಾವಿರ ರೂಪಾಯಿಯೊಳಗಿನದು. ಹಾಲಿನವರ ಸೈಕಲ್ಲಿಗೆ ಹೋಲಿಸಿದರೆ ದುಬಾರಿ. ಭಾನುವಾರ ಬೆಳಿಗ್ಗೆ ನಂದಿ ರಸ್ತೆಯಲ್ಲಿ ಸರ್ರನೆ ದಾಟಿಹೋಗುವ ಕಾರ್ಬನ್ ಸೈಕಲ್ಲುಗಳ ಎದುರು ಚಿಲ್ಲರೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿರುವುದರಿಂದ ಹಳೆಯ ಬಿಲ್ಲು ನೋಡಿ ಲೆಕ್ಕ ಹಾಕಬೇಡಿ.

ಕೊಳ್ಳುವಾಗ ಬಣ್ಣಕ್ಕಿಂತ ಹಿಂದಿನ ಚಕ್ರದ ಹಲ್ಲುಗಾಲಿಗಳನ್ನು ಎಣಿಸಿ. ಶಿಮಾನೋ ಕಂಪನಿಯ ರಸ್ತೆ ಗೇರುಗಳಲ್ಲಿ ಕೆಳಗಿನ ಮೆಟ್ಟಿಲು ಟೂರ್ನಿ, 7 ಗಾಲಿ. ಅದರ ಮೇಲೆ ಕ್ಲಾರಿಸ್, 8. ಆಮೇಲೆ ಸೋರಾ, 9. ಏಳಕ್ಕೂ ಎಂಟಕ್ಕೂ ಒಂದೇ ಗಾಲಿಯ ವ್ಯತ್ಯಾಸ ಎಂದು ಕಾಣುತ್ತದೆ, ಆದರೆ ಇವೆರಡರ ನಡುವೆ ಒಂದು ಕಂದಕವೇ ಇದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ರಸ್ತೆ.

ಹೋಪ್ ಫಾರಂನಿಂದ ಕಾಡುಗೋಡಿಗೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸೂರು ರಸ್ತೆಯ ಸರ್ವಿಸ್ ರೋಡಿನಲ್ಲಿ, ಪೀಣ್ಯದ ಒಳರಸ್ತೆಗಳಲ್ಲಿ ವರ್ಷಗಟ್ಟಲೆ ಓಡಾಡಿದ ಮೇಲೆ ನನಗನ್ನಿಸಿದ್ದು: ಈ ಸೈಕಲ್ಲಿನಲ್ಲಿ ಮೊದಲು ದುಡ್ಡು ಹಾಕಬೇಕಾದ್ದು ನೆಲ ಮುಟ್ಟುವ ಜಾಗಕ್ಕೆ. ಹೊಸ ಸೈಕಲ್ಲಿನ ಜೊತೆ ಬರುವ ಟೈರು ಹಲವು ಸಲ 25 ಮಿಲಿಮೀಟರಿನದು. ಅಷ್ಟು ತೆಳುವಿನದು ಮೋರಿ ಮೇಲಿನ ಕಬ್ಬಿಣದ ಜಾಲರಿಯ ಸಂದಿಗೆ ಸಲೀಸಾಗಿ ಇಳಿಯುತ್ತದೆ, ಇಳಿದರೆ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಬ್ರೇಕಿನ ಕೆಳಗೆ ಮತ್ತು ಫೋರ್ಕಿನ ನಡುವೆ ಜಾಗ ಇದ್ದರೆ 28, ಸಾಧ್ಯವಾದರೆ 32 ಹಾಕಿಸಿ. ಟೈರಿನ ಎರಡೂ ಬದಿಗೆ ನಾಲ್ಕು ಮಿಲಿಮೀಟರಾದರೂ ಸಂದು ಉಳಿಯಬೇಕು, ಇಲ್ಲದಿದ್ದರೆ ಮಳೆಗಾಲದ ಕೆಸರು ಅಲ್ಲಿ ಸಿಕ್ಕಿಕೊಂಡು ಚಕ್ರವನ್ನೇ ಹಿಡಿಯುತ್ತದೆ.

ಗಾಳಿ ವಿಚಾರದಲ್ಲಿ ಒಂದು ಹಳೆಯ ನಂಬಿಕೆ ಇದೆ: ಕಲ್ಲಿನ ಹಾಗೆ ಗಟ್ಟಿ ಇದ್ದರೆ ವೇಗ ಎಂದು. ಮಟ್ಟಸವಾದ ಟ್ರ್ಯಾಕಿನಲ್ಲಿ ಅದು ನಿಜ ಇರಬಹುದು. ವರ್ತೂರು ಕೋಡಿಯ ರಸ್ತೆಯಲ್ಲಿ 100 ಪಿಎಸ್‌ಐ ತುಂಬಿದ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನು ಮೇಲೆತ್ತಿ ಕುಕ್ಕುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ನಿಮ್ಮ ಬೆನ್ನಿಗೆ ಹೋಗುತ್ತದೆ. ಎಪ್ಪತ್ತು ಕೆಜಿ ತೂಕದವರಿಗೆ 28ರ ಟೈರಿನಲ್ಲಿ ಹಿಂದೆ 80, ಮುಂದೆ 70 ಸಾಕು. ಹಾಗಂತ ತೀರಾ ಇಳಿಸಿದರೆ ಹಂಪಿನ ಏಟಿಗೆ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ, ಹಾವು ಹಲ್ಲೂರಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ತೆಳು ಟ್ಯೂಬು ವಾರಕ್ಕೊಮ್ಮೆ ತಾನಾಗಿಯೇ ಇಳಿದಿರುತ್ತದೆ. ಮೀಟರ್ ಇರುವ ಕಾಲ್ಪಂಪು ಮನೆಯಲ್ಲಿರಲಿ. ಇನ್ನೊಂದು ಮಾತು. ಈ ಸೈಕಲ್ಲುಗಳ ವಾಲ್ವು ಬಹಳಷ್ಟು ಸಲ ಪ್ರೆಸ್ಟಾ ಎಂಬ ಸಣ್ಣ ಕಡ್ಡಿಯಂಥದ್ದು, ಪೆಟ್ರೋಲ್ ಬಂಕಿನ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಬಿಟ್ಟಿದ್ದರೆ ಯಾವ ಪಂಚರ್ ಅಂಗಡಿಯವರೂ ಗಾಳಿ ಹೊಡೆದುಕೊಡುತ್ತಾರೆ.

ಪಂಚರಿನಲ್ಲಿ ಒಂದೊಂದು ಏರಿಯಾಗೆ ಒಂದೊಂದು ಗುಣ. ವೈಟ್‌ಫೀಲ್ಡಿನಲ್ಲಿ ಕಟ್ಟಡ ಕೆಲಸದ ಮೊಳೆ, ಗಾಜು. ಪೀಣ್ಯದಲ್ಲಿ ಲೇತ್ ಕತ್ತರಿಸಿ ಬಿಸಾಕಿದ ಉಕ್ಕಿನ ಸುರುಳಿ, ಗುಜರಿಗೆ ಸಾಗಿಸುವಾಗ ಟೆಂಪೊದಿಂದ ಉದುರಿದ್ದು. ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಹರಿದ ಲಾರಿ ಟೈರಿನಿಂದ ಬೀಳುವ ಕೂದಲೆಳೆಯಂಥ ತಂತಿ. ಈ ತಂತಿ ಮಹಾ ಕಳ್ಳ. ಟ್ಯೂಬು ಬದಲಿಸಿ ಹೊರಟರೆ ಎರಡು ಕಿಲೋಮೀಟರಿಗೆ ಮತ್ತೆ ಪಂಚರ್, ಏಕೆಂದರೆ ತಂತಿ ಟೈರಿನೊಳಗೇ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಂದು ತುಂಡು ಹತ್ತಿಯನ್ನು ಟೈರಿನ ಒಳಮೈ ಸುತ್ತ ಸವರಿ. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿದೆ ತಂತಿ. ಪಂಚರ್ ತಡೆಯುವ ಪಟ್ಟಿಯಿರುವ ಒಳ್ಳೆಯ ಟೈರು ತುಸು ಭಾರ, ತುಸು ನಿಧಾನ. ಆದರೂ ಮೀಟಿಂಗಿಗೆ ಹೊತ್ತಾದಾಗ ಆ ನಿಧಾನವೇ ವೇಗ.

ಎರಡನೆಯದು ಚೈನು. ಅದು ರಬ್ಬರಿನಂತೆ ಹಿಗ್ಗುವುದಿಲ್ಲ. ಒಳಗಿನ ಪಿನ್ನುಗಳು ದೂಳಿನಲ್ಲಿ ಅರೆದು ಸವೆದು, ಕೊಂಡಿಯಿಂದ ಕೊಂಡಿಗೆ ಅಂತರ ಹೆಚ್ಚುತ್ತದೆ. ಅಳೆಯಲು ದುಬಾರಿ ಸಾಧನ ಬೇಡ, ಉಕ್ಕಿನ ಸ್ಕೇಲು ಸಾಕು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಹಾಗಾಗಿ 24 ಕೊಂಡಿ ಎಂದರೆ ಕರಾರುವಾಕ್ಕಾಗಿ 12 ಇಂಚು. ಇಪ್ಪತ್ನಾಲ್ಕನೆಯ ಕೊಂಡಿಯ ಪಿನ್ನು 12 ಇಂಚಿನ ಗೆರೆಯಿಂದ ಹದಿನಾರನೇ ಒಂದು ಇಂಚು ಆಚೆಗೆ ಹೋಗಿದ್ದರೆ ಚೈನು ಬದಲಿಸುವ ಹೊತ್ತು. ಎಂಟನೇ ಒಂದು ಇಂಚು ಆಚೆ ಹೋಗಿದ್ದರೆ ಹೊತ್ತು ಮೀರಿದೆ. ಸವೆದ ಚೈನು ತನ್ನ ಅಳತೆಗೆ ಹಲ್ಲುಗಳನ್ನೂ ಕೆರೆದುಕೊಂಡಿರುತ್ತದೆ, ಹೊಸ ಚೈನು ಹಾಕಿದರೆ ಕಟಕಟ ಜಾರುತ್ತದೆ. ಸಾವಿರ ರೂಪಾಯಿ ಆಸುಪಾಸಿನ ಚೈನನ್ನು ಸಕಾಲಕ್ಕೆ ಬದಲಿಸದೆ ಹಿಂದಿನ ಗಾಲಿಗಳನ್ನೂ ಕಳೆದುಕೊಳ್ಳುವುದು ನಾನೇ ಎರಡು ಸಲ ಮಾಡಿದ ಜಾಣತನ. 6, 7, 8 ಗಾಲಿಗಳಿಗೆ ಒಂದೇ ಬಗೆಯ ಚೈನು ನಡೆಯುತ್ತದೆ ಎಂಬುದು ಅಗ್ಗದ ಸೈಕಲ್ಲಿನವರ ಭಾಗ್ಯ.

ಎಣ್ಣೆಯ ವಿಷಯದಲ್ಲಿ ಜನ ಹೆಚ್ಚು ಹಾಕಿ ಕೆಡಿಸುತ್ತಾರೆ. ಒಂದೊಂದು ಕೊಂಡಿಗೆ ಒಂದೊಂದು ಹನಿ, ಹತ್ತು ನಿಮಿಷ ಬಿಟ್ಟು ಹಳೆ ಬನಿಯನ್ನಿನಲ್ಲಿ ಹೊರಗಿನದನ್ನೆಲ್ಲ ಒರೆಸಿ. ಎಣ್ಣೆ ಬೇಕಿರುವುದು ಪಿನ್ನಿನೊಳಗೆ. ಹೊರಗೆ ಉಳಿದದ್ದು ದೂಳಿಗೆ ಅಂಟು. ಗ್ರೀಸು, ಸುಟ್ಟ ಎಂಜಿನ್ ಆಯಿಲ್ ಎರಡೂ ಬೇಡ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅದನ್ನೇ ಎಣ್ಣೆ ಎಂದುಕೊಳ್ಳಲೂಬೇಡಿ, ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ಬ್ರೇಕ್ ರಬ್ಬರು ಅಗ್ಗ, ಅದರ ಮೇಲಿನ ಗೀರು ಮಾಯವಾದರೆ ಬದಲಿಸಿ, ಅಷ್ಟೆ. ಮಳೆಯಲ್ಲಿ ಓಡಿಸಿದ ಮೇಲೆ ‘ಕರ್ರ್’ ಎಂದರೆ ರಬ್ಬರಿನಲ್ಲಿ ಮರಳೋ ಅಲ್ಯೂಮಿನಿಯಂ ಚೂರೋ ಹೂತಿದೆ. ಪಿನ್ನಿನಿಂದ ಕೆದಕಿ ತೆಗೆಯದಿದ್ದರೆ ಅದು ರಿಮ್ಮನ್ನೇ ಉಜ್ಜಿ ತಿನ್ನುತ್ತದೆ. ರಿಮ್ಮಿನ ಬದಿ ಒಳಕ್ಕೆ ತಗ್ಗಿದ್ದರೆ ಆ ಚಕ್ರದ ಆಯಸ್ಸು ಮುಗಿಯಿತು.

ಗೇರು ಹಠ ಹಿಡಿದಾಗ ಬಹಳ ಜನ ಮೊದಲು ತಿರುಗಿಸುವುದು ಚೈನನ್ನು ಗಾಲಿಯಿಂದ ಗಾಲಿಗೆ ದಾಟಿಸುವ ಡಿರೈಲರಿನ ಎರಡು ಪುಟ್ಟ ಸ್ಕ್ರೂಗಳನ್ನು. ಮುಟ್ಟಬೇಡಿ. ಅವು ಚೈನು ಗಾಲಿಗಳಾಚೆ ಬೀಳದಂತೆ ಕಟ್ಟಿದ ಬೇಲಿ ಮಾತ್ರ. ದೊಡ್ಡ ಗಾಲಿಗೆ ಏರಲು ಚೈನು ತಡವರಿಸುತ್ತಿದ್ದರೆ ಕೇಬಲ್ ಸಡಿಲಾಗಿದೆ ಎಂದರ್ಥ. ಕೇಬಲ್ ಡಿರೈಲರಿಗೆ ಸೇರುವಲ್ಲಿನ ನಾಬನ್ನು ಹಿಂದಿನಿಂದ ನೋಡಿಕೊಂಡು ಎಡಕ್ಕೆ ಕಾಲು ಸುತ್ತು ತಿರುಗಿಸಿ ನೋಡಿ, ಬೇಕಾದರೆ ಇನ್ನೊಂದು ಕಾಲು. ಹೊಸ ಸೈಕಲ್ಲಿನಲ್ಲಿ ಮೊದಲ ತಿಂಗಳೇ ಇದು ಬೇಕಾಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಹ್ಯಾಂಗರ್ ನೋಡಬೇಕು. ನನಗೆ ಇದು ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಬೇಸ್‌ಮೆಂಟಿನಲ್ಲಿ ಯಾರದೋ ಸ್ಕೂಟರ್ ತಾಗಿ ಸೈಕಲ್ ಬಲಕ್ಕೆ ಬಿದ್ದಿತ್ತು. ಆಮೇಲೆ ಗೇರು ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಎಗರುವುದು. ಅಂಗಡಿಯೊಂದರಲ್ಲಿ ಡಿರೈಲರ್ ಹೋಗಿದೆ ಎಂದು ಹೊಸದು ಹಾಕಿದರು, ಹಠ ಬಿಡಲಿಲ್ಲ. ಕೊನೆಗೆ ಕಾಡುಗೋಡಿ ಕಡೆಯ ಒಬ್ಬ ವಯಸ್ಸಾದ ಮೆಕ್ಯಾನಿಕ್, ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ, “ಕಿವಿ ಸೊಟ್ಟ ಆಗಿದೆ ಕಣಪ್ಪ” ಎಂದರು. ಡಿರೈಲರನ್ನು ಫ್ರೇಮಿಗೆ ಹಿಡಿದಿರುವ ಆ ಕಿವಿಯೇ ಹ್ಯಾಂಗರ್. ಬಿದ್ದರೆ ಫ್ರೇಮು ಉಳಿಯಲಿ, ತಾನು ಬಾಗಲಿ ಎಂದೇ ಮೆದುವಾಗಿ ಮಾಡಿದ ತುಂಡು. ಬಹಳಷ್ಟು ಸೈಕಲ್ಲುಗಳಲ್ಲಿ ಬಿಚ್ಚಿ ಬದಲಿಸಬಹುದು. ಆದರೆ ಒಂದು ಮಾಡೆಲ್ಲಿನದು ಇನ್ನೊಂದಕ್ಕೆ ಕೂರದು. ಸೈಕಲ್ ಕೊಳ್ಳುವಾಗಲೇ ಒಂದು ಹೆಚ್ಚುವರಿ ಹ್ಯಾಂಗರ್ ಕೊಂಡಿಟ್ಟುಕೊಳ್ಳಿ.

ನೀರು ಬೆಂಗಳೂರಿನ ಈ ಅಂಚುಗಳಲ್ಲಿ ಪ್ರತ್ಯೇಕ ಅಧ್ಯಾಯ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಬೇಸ್‌ಮೆಂಟುಗಳು ಕೆರೆಯಾದಾಗ ಕಾರುಗಳ ಜೊತೆ ಸೈಕಲ್ಲುಗಳೂ ಮುಳುಗಿದವು. ಕಾರಿಗೆ ವಿಮೆ ಇತ್ತು. ಸೈಕಲ್ ಒಣಗಿದರೆ ಸರಿಹೋಯಿತು ಎಂದು ಎಷ್ಟೋ ಮಂದಿ ಬಿಟ್ಟುಬಿಟ್ಟರು. ಆದರೆ ಒಳಗೆ ನುಗ್ಗಿದ ನೀರು ಚಕ್ರದ ಹಬ್ಬಿನಲ್ಲಿ, ಪೆಡಲ್ ಅಚ್ಚಿನ ಬೇರಿಂಗಿನಲ್ಲಿ, ಹ್ಯಾಂಡಲ್ ಬುಡದಲ್ಲಿ ಕೂತು ಗ್ರೀಸನ್ನು ಹಾಲಿನಂತೆ ಮಾಡಿರುತ್ತದೆ, ತಿಂಗಳೆರಡರಲ್ಲಿ ತುಕ್ಕು. ನೀರಲ್ಲಿ ನಿಂತ ಸೈಕಲ್ಲಿನ ಸೀಟ್ ಕಂಬ ತೆಗೆದು, ತಲೆಕೆಳಗು ಮಾಡಿ ಫ್ರೇಮಿನೊಳಗಿನ ನೀರು ಬಸಿಯಬೇಕು, ಬೇರಿಂಗುಗಳನ್ನು ಬಿಚ್ಚಿಸಿ ಹೊಸ ಗ್ರೀಸು ತುಂಬಿಸಬೇಕು. ಇದೇ ಕಾರಣಕ್ಕೆ ಬೈಕುಗಳ ವಾಟರ್ ಸರ್ವಿಸ್ ಅಂಗಡಿಗೆ ಇದನ್ನು ಒಯ್ಯಬೇಡಿ. ಆ ಪೈಪಿನ ರಭಸ ಸೀಲುಗಳನ್ನು ದಾಟಿ ಒಳಗೆ ಹೋಗುತ್ತದೆ. ಬಕೆಟ್ಟು, ಪಾತ್ರೆ ತೊಳೆಯುವ ಸೋಪು, ಹಳೆ ಬ್ರಷ್ಷು ಸಾಕು.

ಪೀಣ್ಯದವರಿಗೆ ಒಂದು ಅನುಕೂಲ ಉಂಟು, ವೈಟ್‌ಫೀಲ್ಡಿನವರಿಗೆ ಇಲ್ಲದ್ದು: ಬೋಲ್ಟು. ಸೈಕಲ್ಲಿನ ನೀರಿನ ಬಾಟಲಿ ಹಿಡಿಯುವ ಬೋಲ್ಟು ಎಂ5 ಅಳತೆಯದು, ಹ್ಯಾಂಡಲ್ ಹಿಡಿಯುವವೂ ಬಹುಪಾಲು ಅದೇ. ಅಲ್ಲಿನ ಫಾಸ್ಟನರ್ ಅಂಗಡಿಗೆ ಹೋಗಿ ತುಕ್ಕು ಹಿಡಿದ ಬೋಲ್ಟನ್ನು ಕೌಂಟರ್ ಮೇಲಿಟ್ಟರೆ, “ಎಸ್‌ಎಸ್ ಬೇಕಾ, ಹೈ ಟೆನ್ಸೈಲಾ?” ಎಂಬ ಪ್ರಶ್ನೆ ಬರುತ್ತದೆ. ಉತ್ತರ ಗೊತ್ತಿರಬೇಕು. ಬಾಟಲಿಗೆ, ಮಡ್‌ಗಾರ್ಡಿಗೆ, ಕ್ಯಾರಿಯರಿಗೆ ತುಕ್ಕು ಹಿಡಿಯದ ಎಸ್‌ಎಸ್. ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿಗೆ ಸಾಮಾನ್ಯ ಎಸ್‌ಎಸ್ ಬೇಡ, ತಲೆಯ ಮೇಲೆ 12.9 ಎಂದು ಅಚ್ಚಾಗಿರುವ ಉಕ್ಕಿನದನ್ನೇ ಕೇಳಿ. ಅಲ್ಲಿ ಬೋಲ್ಟು ಮುರಿದರೆ ಹಲ್ಲು ಮುರಿದ ಹಾಗೆ. ಬಿಗಿಯುವಾಗಲೂ ಮೈಬಲ ತೋರಿಸಬೇಡಿ. ಎಷ್ಟು ಬಿಗಿಯಬೇಕೆಂದು ಸ್ಟೆಮ್ಮಿನ ಮೇಲೆ 5 ಎನ್‌ಎಂ ಅಂತ ಏನಾದರೂ ಬರೆದಿರುತ್ತದೆ. ಎಸ್‌ಜೆಪಿ ರಸ್ತೆಯಲ್ಲಿ ಅಷ್ಟನ್ನೇ ಅಳೆದು ಬಿಗಿಯುವ ಸಣ್ಣ ಟಾರ್ಕ್ ರೆಂಚು ಸಿಗುತ್ತದೆ.

ಈಗ ಆ ಕಂದಕ. ಏಳು ಗಾಲಿಯ ಸೈಕಲ್ ಕೊಂಡವರಿಗೆ ಆರು ತಿಂಗಳಿಗೆ ಎಂಟು, ಒಂಬತ್ತರ ಆಸೆ ಹುಟ್ಟುತ್ತದೆ. ಏಳರ ಅಗ್ಗದ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಇರುವುದು ಹಬ್ಬಿನ ಮೇಲೆ ತಿರುಪಿ ಕೂರಿಸಿದ ಫ್ರೀವೀಲು. ಎಂಟಕ್ಕೆ ಬೇಕಾದ ಕ್ಯಾಸೆಟ್ ಎಂಬ ಗಾಲಿಗೊಂಚಲು ಅಲ್ಲಿ ಕೂರುವುದೇ ಇಲ್ಲ, ಬೇರೆ ಹಬ್ಬು ಬೇಕು. ಬೇರೆ ಹಬ್ಬೆಂದರೆ ಬೇರೆ ಚಕ್ರ. ಚಕ್ರ ಬಂದರೆ ಗೇರು ಬದಲಿಸುವ ಎಂಟರ ಶಿಫ್ಟರ್, ಅದು ಬಂದರೆ ಹೊಸ ಕೇಬಲ್ಲು, ಹ್ಯಾಂಡಲ್ ಟೇಪು, ಕೂಲಿ. ಕೊನೆಗೆ ಮೂಗಿಗಿಂತ ಮೂಗುತಿ ಭಾರ. ಈ ಆಸೆ ಬಂದಾಗ ಸೈಕಲ್ಲನ್ನೇ ಮಾರಿ, ಕ್ಲಾರಿಸ್ ಅಥವಾ ಸೋರಾ ಇರುವ ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಲೆಕ್ಕಕ್ಕೆ ಸರಿ.

ಆಸೆ ನಿಜವಾಗಿ ಏರಿಗೆ ಸಂಬಂಧಿಸಿದ್ದಾದರೆ ಅಗ್ಗದ ದಾರಿ ಬೇರೆ ಇದೆ. ಮುಂದೆ 44 ಹಲ್ಲು, ಹಿಂದಿನ ದೊಡ್ಡ ಗಾಲಿ 28 ಹಲ್ಲು ಇದ್ದರೆ ಪೆಡಲ್ಲಿನ ಒಂದು ಸುತ್ತಿಗೆ ಚಕ್ರ 1.57 ಸುತ್ತು ತಿರುಗುತ್ತದೆ; ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ಮಂಡಿ ಅಳುತ್ತದೆ. ಅದೇ ತಿರುಪಿನ ಹಬ್ಬಿಗೆ 14ರಿಂದ 34 ಹಲ್ಲಿನ ಏಳರ ಫ್ರೀವೀಲು ಹಾಕಿದರೆ 1.29ಕ್ಕೆ ಇಳಿಯುತ್ತದೆ. ಗಿಡ್ಡ ಡಿರೈಲರ್ 34ನ್ನು ನುಂಗುವುದಿಲ್ಲ, ಉದ್ದ ಕಾಲಿನದು ಬೇಕು. ಶಿಮಾನೋದಲ್ಲಿ 7ರಿಂದ 9 ಗಾಲಿವರೆಗಿನ ಬೆಟ್ಟದ ಸೈಕಲ್ಲುಗಳ ಡಿರೈಲರು ಕೇಬಲ್ಲಿನ ಅಳತೆಯಲ್ಲಿ ರೋಡ್ ಶಿಫ್ಟರಿಗೆ ಹೊಂದುತ್ತದೆ, ಹಾಗಾಗಿ ಅದರಲ್ಲೇ ಸಾಮಾನ್ಯವಾದ ಆಲ್ಟಸ್ ಡಿರೈಲರ್ ಸಾಕು. ಚೈನು ಮಾತ್ರ ಉದ್ದದ್ದು ಬೇಕು.

ತೂಕ ಇಳಿಸುವ ಹುಚ್ಚಿಗೆ ನನ್ನ ಬಳಿ ಒಂದು ಲೆಕ್ಕ ಇದೆ. ಸವಾರ, ಸೈಕಲ್, ನೀರು ಸೇರಿ 85 ಕೆಜಿ ಎನ್ನಿ. ಒಂದು ಕೆಜಿ ಕಮ್ಮಿ ಮಾಡಲು ಹತ್ತಾರು ಸಾವಿರ ಸುರಿದರೆ, 40 ನಿಮಿಷದ ಏರಿನಲ್ಲಿ ಉಳಿಯುವುದು ಅರ್ಧ ನಿಮಿಷ, ಅದೂ ಇಲ್ಲ. ಬೇಡದ ಒಂದು ಲೀಟರ್ ನೀರನ್ನು ಬುಡದಲ್ಲೇ ಕುಡಿದೋ ಚೆಲ್ಲಿಯೋ ಹತ್ತಿದರೆ ಅದು ಪುಕ್ಕಟೆ. ಇನ್ನು ದೂರ ಹೋಗಲು ದುಬಾರಿ ಸೈಕಲ್ಲೇ ಬೇಕು ಎನ್ನುವವರಿಗೆ: ನಿಗದಿತ ಸಮಯದೊಳಗೆ ಮುಗಿಸಬೇಕಾದ ಬ್ರೆವೆ ಎಂಬ ದೂರದ ಸವಾರಿಯಲ್ಲಿ 200 ಕಿಲೋಮೀಟರಿಗೆ ಕೊಡುವ ಸಮಯ ಹದಿಮೂರೂವರೆ ಗಂಟೆ. ತಿಂಡಿ, ಪಂಚರ್ ಎಲ್ಲ ಸೇರಿ ಗಂಟೆಗೆ 15 ಕಿಲೋಮೀಟರಿಗೂ ಕಮ್ಮಿ. ಗಾಳಿ, ಎಣ್ಣೆ ಸರಿಯಿರುವ ಟೂರ್ನಿ ಸೈಕಲ್ ಅದನ್ನು ಮುಗಿಸುತ್ತದೆ. ಕೂರುವ ಸೀಟು ಹೊಂದದಿದ್ದರೆ ಮಾತ್ರ ಯಾವ ಸೈಕಲ್ಲೂ ಮುಗಿಸದು. ಸೀಟು ಬದಲಿಸಲು ಜಿಪುಣತನ ಬೇಡ.

ಸೆಕೆಂಡ್ ಹ್ಯಾಂಡ್ ವಿಚಾರ ಬಂತಲ್ಲ. ಐಟಿ ಬೆಲ್ಟಿನಲ್ಲಿ ಜನವರಿಯ ಉತ್ಸಾಹಕ್ಕೆ ಕೊಂಡು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಬಳಕೆಯಾದ ಸೈಕಲ್ಲುಗಳು ಅಪಾರ್ಟ್‌ಮೆಂಟುಗಳ ತುಂಬ ಇವೆ. ನೋಡಲು ಹೋಗುವಾಗ ಚೈನು ಅಳೆಯುವ ಸ್ಕೇಲು ಜೊತೆಗಿರಲಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ: ಹ್ಯಾಂಡಲ್ ಬುಡದಲ್ಲಿ ‘ಟಕ್’ ಎಂದರೆ ಅಲ್ಲಿನ ಬೇರಿಂಗ್ ಸಡಿಲ ಇದೆ. ಪೆಡಲ್ ತೋಳನ್ನು ಅಡ್ಡಕ್ಕೆ ಅಲ್ಲಾಡಿಸಿ, ಅಲ್ಲೂ ಸಡಿಲ ಇದೆಯೇ ನೋಡಿ. ಸೀಟ್ ಕಂಬ ಮೇಲೆ ಕೆಳಗೆ ಜರುಗುತ್ತದೆಯೇ ನೋಡಿ. ಬಿಸಿಲು ಮಳೆಯಲ್ಲಿ ನಿಂತು ಫ್ರೇಮಿಗೆ ಅಂಟಿಕೊಂಡಿದ್ದರೆ ಬಿಡಿಸುವುದು ದೊಡ್ಡ ರಗಳೆ. ಓಡಿಸದೆ ನಿಂತ ಸೈಕಲ್ಲಿನ ಟೈರಿನ ಬದಿಯನ್ನು ಬೆರಳಲ್ಲಿ ಬಾಗಿಸಿದರೆ ಸಣ್ಣ ಸಣ್ಣ ಬಿರುಕು ಕಾಣುತ್ತವೆ. ಹೊಸ ಟೈರಿನ ದುಡ್ಡನ್ನು ಅವರು ಹೇಳಿದ ರೇಟಿನಿಂದ ಅಲ್ಲೇ ಮುರಿದುಕೊಳ್ಳಿ.