ಒಂಟಿ ಆಮೆಗೆ ಜೊತೆ ಬೇಕೆ?

ಯುರೋಪಿನಲ್ಲಿ ಹರ್ಮನ್ ಆಮೆಯನ್ನೋ ಗ್ರೀಕ್ ಆಮೆಯನ್ನೋ ಸಾಕಿಕೊಂಡವರಿಗೆ ಒಂದಲ್ಲ ಒಂದು ದಿನ ಅದರ ಮೇಲೆ ಕನಿಕರ ಹುಟ್ಟುತ್ತದೆ. ಪಾಪ, ಒಂದೇ ಇದೆ, ಇನ್ನೊಂದನ್ನು ತಂದುಬಿಡೋಣ ಎನ್ನುತ್ತಾರೆ. (ನಮ್ಮಲ್ಲಿ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಒಂದೂ ಕೂಡದು, ಎರಡೂ ಕೂಡದು.) ಈ ಕನಿಕರ ಮನುಷ್ಯರದು. ನೆಲದಾಮೆಯ ತಾಯಿ ಮೊಟ್ಟೆಯಿಟ್ಟು ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಮರಿ ತಾನಾಗಿ ಮೊಟ್ಟೆಯೊಡೆದು ಬಂದು ತಾನಾಗಿ ಬದುಕುತ್ತದೆ. ಸಂಶೋಧಕಿ ಎಲಿಸಬೆಟ್ಟಾ ವೆರ್ಸಾಚೆ ಮತ್ತು ಸಂಗಡಿಗರು ಮೊಟ್ಟೆಯೊಡೆದು ಹೆಚ್ಚು ದಿನವಾಗದ ಮರಿಗಳನ್ನು ಜೋಡಿ ಜೋಡಿಯಾಗಿ ಬಿಟ್ಟು ನೋಡಿ, ಕಂಡದ್ದನ್ನು 2018ರಲ್ಲಿ ಪ್ರಕಟಿಸಿದರು. ಪರಿಚಿತ ಮರಿಗಳು ಒಂದನ್ನೊಂದು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅಪರಿಚಿತ ಮರಿಗಳು ಮೊದಲು ಹತ್ತಿರ ಹೋಗಿ ಪರೀಕ್ಷಿಸಿದವು, ಆಮೇಲೆ ಬೇಕೆಂದೇ ದೂರ ಸರಿದವು. ಹಾಗಾಗಿ ಎರಡು ಆಮೆಗಳು ಒಟ್ಟಿಗೆ ಕ್ಷೇಮವಾಗಿರುವುದು ಅವುಗಳ ಸ್ನೇಹವನ್ನು ಅವಲಂಬಿಸಿಲ್ಲ. ಸರಿದು ಹೋಗಲು ಜಾಗವಿದೆಯೇ ಎಂಬುದೇ ಮುಖ್ಯ.

ಜಾಗವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಮೆಸಿಡೋನಿಯಾ ದೇಶದ ಪ್ರೆಸ್ಪಾ ಸರೋವರದಲ್ಲಿದೆ. ಅಲ್ಲಿಯ ಗೋಲೆಮ್ ಗ್ರಾಡ್ ಎಂಬ ದ್ವೀಪದ ವಿಸ್ತಾರ ಸುಮಾರು 20 ಹೆಕ್ಟೇರ್, ಸುತ್ತಲೂ ಕಡಿದಾದ ಬಂಡೆ. ಹರ್ಮನ್ ಆಮೆಗಳು ಅಲ್ಲಿ ಕಿಕ್ಕಿರಿದಿವೆ, ಅದರಲ್ಲೂ ಗಂಡುಗಳ ಸಂಖ್ಯೆ ಹೆಣ್ಣುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಹರ್ಮನ್ ಗಂಡಿನ ಪ್ರಣಯ ಒರಟು: ಹೆಣ್ಣಿನ ಕಾಲು ಕಚ್ಚುತ್ತದೆ, ಚಿಪ್ಪಿಗೆ ಡಿಕ್ಕಿ ಹೊಡೆಯುತ್ತದೆ, ಬೆನ್ನೇರಿ ಬಾಲದ ತುದಿಯ ಗಟ್ಟಿ ಮುಳ್ಳಿನಿಂದ ಹೆಣ್ಣಿನ ಬಾಲದ ಬುಡಕ್ಕೆ ತಿವಿಯುತ್ತದೆ. ಒಂದು ಗಂಡು ಹೀಗೆ ಮಾಡಿ ಹೋದರೆ ಹೆಣ್ಣು ತಾಳಿಕೊಳ್ಳುತ್ತದೆ. ಒಂದರ ಹಿಂದೊಂದು ಬಂದರೆ ಅದೇ ಜಾಗ ಹುಣ್ಣಾಗುತ್ತದೆ. ಆ ದ್ವೀಪದ ಹೆಣ್ಣುಗಳ ಮೈಮೇಲೆ ಗಾಯಗಳಿವೆ, ಕೆಲವು ಬಂಡೆಯಂಚಿನಿಂದ ಬಿದ್ದು ಸಾಯುತ್ತವೆ. ಹೆಣ್ಣು ಸಿಗದ ಗಂಡುಗಳು ಗಂಡುಗಳನ್ನೇ ಏರುವುದನ್ನು ಕಂಡ ಕ್ಸೇವಿಯರ್ ಬೊನೆ ಮತ್ತವರ ತಂಡ 2016ರಲ್ಲಿ ಅದನ್ನು ಸೆರೆಮನೆಯ ಪರಿಣಾಮ ಎಂದು ಕರೆದರು. ಇಷ್ಟೆಲ್ಲ ನಡೆದಿರುವುದು ಯಾರೂ ಬೇಲಿ ಹಾಕದ 20 ಹೆಕ್ಟೇರಿನಲ್ಲಿ. ಮೇಜಿನಷ್ಟಗಲದ ಮರದ ಪೆಟ್ಟಿಗೆಯಲ್ಲಿ ಒಂದು ಗಂಡು, ಒಂದು ಹೆಣ್ಣನ್ನು ಕೂಡಿಹಾಕಿದರೆ ಆ ಹೆಣ್ಣಿಗೆ ಬೀಳಲು ಬಂಡೆಯಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇದಕ್ಕೆ ಸಾಕುವವರ ಬಳಿ ಉತ್ತರವಿದೆ: ನಮ್ಮ ಎರಡೂ ಮೈಗೆ ಮೈ ತಾಗಿಸಿಕೊಂಡೇ ಮಲಗುತ್ತವೆ, ಜಗಳ ಕಂಡೇ ಇಲ್ಲ. ಪೆಟ್ಟಿಗೆಯಲ್ಲಿ ಬೆಚ್ಚಗಿರುವ ಮೂಲೆ ಒಂದೇ ಇದ್ದರೆ ಶೀತರಕ್ತದ ಎರಡು ಪ್ರಾಣಿಗಳು ಅಲ್ಲಿಗೇ ಬರಬೇಕು, ಅದರಿಂದ ಪ್ರೀತಿಯೇನೂ ಸಾಬೀತಾಗದು. ಆಮೆಯ ದಬ್ಬಾಳಿಕೆಯಲ್ಲಿ ಸದ್ದಿಲ್ಲ. ಒಂದು ಇನ್ನೊಂದರ ಹಿಂದೆಯೇ ನಡೆಯುತ್ತದೆ, ಸೊಪ್ಪಿನ ಮುಂದೆ ಅಡ್ಡ ನಿಲ್ಲುತ್ತದೆ, ಕಾವು ಕೊಡುವ ದೀಪದ ಕೆಳಗೆ ಇನ್ನೊಂದರ ಮೇಲೇ ಹತ್ತಿ ಕೂರುತ್ತದೆ. ಸೋತ ಆಮೆ ದಿನವಿಡೀ ಗೂಡಿನಲ್ಲಿ ಅಡಗಿರುತ್ತದೆ, ತಿಂಗಳುಗಟ್ಟಲೆ ತೂಕ ಏರುವುದಿಲ್ಲ. ತಕ್ಕಡಿಗೆ ಕಾಣುವುದು ಕಣ್ಣಿಗೆ ಕಾಣದು. ಇನ್ನು ಕೆಲವರು ಸಂಶೋಧಕಿ ಆ್ಯನಾ ವಿಲ್ಕಿನ್ಸನ್ ಅವರ 2010ರ ಪ್ರಯೋಗವನ್ನು ಮುಂದಿಡುತ್ತಾರೆ. ಬೇಲಿ ಸುತ್ತಿ ಆಹಾರ ತಲಪುವ ದಾರಿಯನ್ನು ಕೆಂಪುಕಾಲಿನ ಆಮೆಗಳು ಮತ್ತೊಂದು ಆಮೆಯನ್ನು ನೋಡಿಯೇ ಕಲಿತವು. ಸೊಗಸಾದ ಪ್ರಯೋಗ, ಆದರೆ ಒಂಟಿಯಾಗಿ ಬಾಳುವ ಪ್ರಾಣಿಯೂ ಇನ್ನೊಂದನ್ನು ನೋಡಿ ಕಲಿಯಬಲ್ಲದು ಎಂಬುದೇ ಅದರ ಹೆಚ್ಚುಗಾರಿಕೆ. ಕಲಿಯಬಲ್ಲದು ಎಂದಮಾತ್ರಕ್ಕೆ ಜೊತೆಯಿಲ್ಲದೆ ಕೊರಗುತ್ತದೆ ಎಂದಾಗಲಿಲ್ಲ.

ಚಿಕ್ಕಂದಿನಿಂದ ಒಟ್ಟಿಗೆ ಬೆಳೆಸಿದರೆ ಹೊಂದಿಕೊಳ್ಳುತ್ತವೆ ಎಂಬ ವಾದವೂ ನಿಲ್ಲುವುದಿಲ್ಲ. ಈ ಆಮೆಗಳ ಮರಿಯಲ್ಲಿ ಗಂಡು ಹೆಣ್ಣು ಯಾವುದೆಂದು ಹಲವು ವರ್ಷ ಹೊರಗಿನಿಂದ ತಿಳಿಯದು. ಅದನ್ನು ನಿರ್ಧರಿಸುವುದು ಮೊಟ್ಟೆಗೆ ಸಿಕ್ಕ ಕಾವು. ಫ್ರಾನ್ಸಿನ ಕ್ಲೋಡ್ ಪಿಯೊ 1970ರ ದಶಕದ ಆರಂಭದಲ್ಲೇ ಗ್ರೀಕ್ ಆಮೆಯಲ್ಲಿ ಇದನ್ನು ತೋರಿಸಿದ್ದರು: ಕಾವು ಕಡಿಮೆಯಾದರೆ ಗಂಡು, ಹೆಚ್ಚಾದರೆ ಹೆಣ್ಣು. ಒಂದೇ ಕಾವುಪೆಟ್ಟಿಗೆಯಲ್ಲಿ ಕಡಿಮೆ ಕಾವು ಪಡೆದ ಮೊಟ್ಟೆಗಳ ಮರಿಗಳಿಂದ ಜೋಡಿಯೆಂದು ಎರಡನ್ನು ಕೊಂಡವರು ಬೆಳೆದ ಮೇಲೆ ಕಾಣುವುದು ಎರಡು ಗಂಡುಗಳನ್ನೇ.

ಆದ್ದರಿಂದ ಎರಡು ಎಂಬುದೇ ಎಲ್ಲಕ್ಕಿಂತ ಕೆಟ್ಟ ಸಂಖ್ಯೆ. ಬಲವಾದದ್ದರ ಪೂರ್ತಿ ಗಮನ ಇನ್ನೊಂದರ ಮೇಲೇ ಬೀಳುತ್ತದೆ. ಒಂದು ಸಾಕು. ಹೆಚ್ಚು ಬೇಕೇಬೇಕೆಂದರೆ ಹೆಣ್ಣುಗಳಷ್ಟೇ ಇರಲಿ, ಅಥವಾ ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು, ಅದೂ ಹೊರಗಿನ ದೊಡ್ಡ ಅಂಗಳದಲ್ಲಿ. ನೋಟ ತಡೆಯುವ ಪೊದೆ, ಕಲ್ಲು ಬೇಕು, ದೀಪ ಒಂದಕ್ಕಿಂತ ಹೆಚ್ಚಿರಬೇಕು, ಸೊಪ್ಪನ್ನು ಹರಡಿ ಹಾಕಬೇಕು, ಗೂಡಿಗೆ ಎರಡು ಬಾಗಿಲಿರಬೇಕು, ಒಂದರಲ್ಲಿ ಬೆದರಿ ನುಗ್ಗಿದ ಆಮೆ ಇನ್ನೊಂದರಲ್ಲಿ ಪಾರಾಗುವಂತೆ. ಗಂಡನ್ನು ಬೇರ್ಪಡಿಸಿಡಲು ಮತ್ತೊಂದು ಆವರಣ ಮೊದಲೇ ಸಿದ್ಧವಿರಲಿ. ಬೇರೆ ಬೇರೆ ಜಾತಿಗಳನ್ನಂತೂ ಎಂದೂ ಬೆರೆಸಬಾರದು. ಹರ್ಪಿಸ್ ವೈರಸ್ಸನ್ನು ಗ್ರೀಕ್ ಆಮೆ ಹಲವು ಸಲ ಯಾವ ಲಕ್ಷಣವೂ ಇಲ್ಲದೆ ಹೊತ್ತು ತಿರುಗುತ್ತದೆ. ಅದೇ ವೈರಸ್ ಹರ್ಮನ್ ಆಮೆಗೆ ತಗುಲಿದರೆ ಬಾಯೆಲ್ಲ ಹುಣ್ಣಾಗಿ ಸಾಯುವುದುಂಟು. ಹೊಸದಾಗಿ ಬಂದ ಆಮೆ ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಕನಿಷ್ಠ ಆರು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ತಟ್ಟೆಯೊಂದಿಗೆ ಇರಬೇಕು. ಅದನ್ನು ಮುಟ್ಟಿದ ಕೈ ತೊಳೆಯದೆ ಹಳೆಯದನ್ನು ಮುಟ್ಟಬಾರದು.